ಎಡಗಾಲಿನ 216 ವ್ಯಾಟ್

ನಮ್ಮ ಗ್ರೂಪಿನಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡ್ತಾ ಹೋದರೆ ನಾನು ಹಾಕಿದ ಒಂದು ಸ್ಕ್ರೀನ್‌ಶಾಟ್ ಸಿಗುತ್ತದೆ. ನಾನು ಕೋಚ್ ಮಾಡುವ ಅಥ್ಲೀಟ್ ಒಬ್ಬರ ಎಫ್‌ಟಿಪಿ, ಅಂದರೆ ಸೈಕಲ್ ಮೇಲೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಪವರ್, 216 ವ್ಯಾಟ್. ಪಕ್ಕದಲ್ಲಿ ಮೇಲೆ ಹೋಗುವ ಹಸಿರು ಬಾಣ. ಕೆಳಗೆ ನನ್ನದೇ ಮೂರು ಬೆಂಕಿ ಇಮೋಜಿ. ಸಾಲದು ಅಂತ "ಮೂರು ವಾರ ರೆಸ್ಟ್, 11 ವ್ಯಾಟ್ ಜಾಸ್ತಿ! ರೆಸ್ಟ್ ಅಂದ್ರೆ ಹೆದರೋರು ನೋಡ್ಕೊಳ್ಳಿ" ಅಂತ ಬೇರೆ ಬರೆದಿದ್ದೇನೆ. ಅಳಿಸುವ ಟೈಮ್ ಮುಗಿದುಹೋಗಿದೆ, ಅಲ್ಲೇ ಕೂತಿದೆ ಅದು. ಆ ನಂಬರ್ ತಪ್ಪು ಅಂತ ತಿಳಿಯಲು ನನಗೆ ಆರು ವಾರ ಹಿಡಿಯಿತು.

ಆ ಅಥ್ಲೀಟ್ ಹಾಫ್ ಡಿಸ್ಟನ್ಸ್ ಟ್ರಯಥ್ಲಾನ್ (ಈಜು, ಸೈಕಲ್, ಓಟ) ಮಾಡುವವರು, ಎರಡನೇ ವರ್ಷ. ಆಫೀಸು, ಮಕ್ಕಳು, ಇದರ ಮಧ್ಯೆ ವಾರಕ್ಕೆ ಏಳೆಂಟು ಗಂಟೆ ಟ್ರೇನಿಂಗ್. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ, ಗೊಣಗುವುದಿಲ್ಲ, ಸೆಷನ್ ಬಿಡುವುದಿಲ್ಲ. ಇಂಥವರು ಸಿಕ್ಕರೆ ಕೋಚ್‌ಗೆ ಖುಷಿ. ಗೊಣಗದವರ ಮೇಲೆ ಒಂದು ಕಣ್ಣು ಜಾಸ್ತಿ ಇಡಬೇಕು ಅನ್ನುವುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ರೇಸ್ ಆದಮೇಲೆ ಎಫ್‌ಟಿಪಿ ಟೆಸ್ಟನ್ನು ಅಷ್ಟು ಬೇಗ ಮಾಡಿಸುವ ಆಸೆ ನನಗೇನೂ ಇರಲಿಲ್ಲ. ಆದರೆ ರೇಸ್ ಮುಗಿದ ತಿಂಗಳಲ್ಲಿ ಜನ ಜಾರುತ್ತಾರೆ, "ಮುಂದಿನ ಸೀಸನ್‌ಗೆ ಬರ್ತೀನಿ ಸರ್" ಅಂತ ಮೆಸೇಜ್ ಹಾಕಿ ಪ್ಲ್ಯಾನ್ ಕ್ಯಾನ್ಸಲ್ ಮಾಡುತ್ತಾರೆ. ಅದಕ್ಕೆ ನಮ್ಮ ಮೇಲಿನವರು ಕಂಡುಹಿಡಿದ ಮದ್ದು: ತಿಂಗಳಿಗೊಂದು ಟೆಸ್ಟ್, ಕ್ಲೈಂಟ್‌ಗೆ "ಪ್ರೋಗ್ರೆಸ್ ಕಾಣಬೇಕು". ಮೂರು ವಾರ ಮಲಗೆದ್ದ ದೇಹದಲ್ಲಿ ಯಾವ ಪ್ರೋಗ್ರೆಸ್ ಕಾಣುತ್ತದೆ ಅಂತ ಮೀಟಿಂಗ್‌ನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. 34 ಜನರಿಗೆ ಟೆಸ್ಟ್ ಹಾಕಿ ಸುಮ್ಮನಾದೆ.

ಉಳಿದವರದ್ದೆಲ್ಲ ಇಳಿದಿತ್ತು, ಇಳಿಯಲೇಬೇಕು. ಟ್ರೇನಿಂಗ್ ಪೂರ್ತಿ ನಿಲ್ಲಿಸಿದರೆ ಮೊದಲ ಮೂರು ವಾರದಲ್ಲೇ ವಿಒ2 ಮ್ಯಾಕ್ಸ್ (ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಶೇ. 7ರಷ್ಟು ಬೀಳುತ್ತದೆ ಅಂತ ಕೊಯ್ಲ್ ಮತ್ತು ಜೊತೆಯವರು 1984ರಲ್ಲೇ ಅಳೆದು ತೋರಿಸಿದ್ದಾರೆ. ಹೊಸ ಕೋಚ್‌ಗಳಿಗೆ ಆ ಗ್ರಾಫ್ ತೋರಿಸಿ ಪಾಠ ಮಾಡಿದವನು ನಾನೇ. ಅದೇ ನಾನು, ಸೀಸನ್ನಿನ ತುದಿಯಲ್ಲಿ 205 ಇದ್ದವರು ರೆಸ್ಟ್ ಆದಮೇಲೆ 216 ಹೊಡೆದಾಗ ಒಂದು ನಿಮಿಷವೂ ಅನುಮಾನಪಡಲಿಲ್ಲ. ಬೇಕಾದ ನಂಬರ್ ಬಂದಿತ್ತಲ್ಲ, ಮೀಟಿಂಗ್‌ಗೆ ತೋರಿಸಲು ಒಂದಾದರೂ ಹಸಿರು ಬಾಣ ಸಿಕ್ಕಿತಲ್ಲ, ಅಷ್ಟೇ ಸಾಕಾಯಿತು.

ಆಮೇಲೆ ಆರು ವಾರ ಅವರ ಕ್ಯಾಲೆಂಡರ್ ನೋಡಿದರೆ ಹುಲ್ಲುಗಾವಲು. ಎಲ್ಲ ಬಾಕ್ಸೂ ಹಸಿರು, ಅಂದರೆ ಸೆಷನ್‌ಗಳೆಲ್ಲ ಪ್ಲ್ಯಾನ್‌ನಲ್ಲಿದ್ದ ಹಾಗೇ ಮುಗಿದಿವೆ. ಎರ್ಗ್ ಮೋಡ್‌ನಲ್ಲಿ ಹಸಿರು ಬರದೇ ಇರುವುದು ಹೇಗೆ ಹೇಳಿ? ಅದರಲ್ಲಿ ಟ್ರೇನರ್‌ಗೆ (ಮನೆಯೊಳಗೆ ಸೈಕಲ್ ಕೂರಿಸಿ ತುಳಿಯುವ ಯಂತ್ರಕ್ಕೆ) 158 ವ್ಯಾಟ್ ಅಂತ ಹೇಳಿದರೆ ಅದು 158 ತುಳಿಸಿಯೇ ತುಳಿಸುತ್ತದೆ. ನೀವು ನಗುತ್ತಾ ತುಳಿದರೂ ಅಷ್ಟೇ, ಹಲ್ಲು ಕಚ್ಚಿ ತುಳಿದರೂ ಅಷ್ಟೇ. ಟೈಮ್ ಸರಿ, ಟಿಎಸ್ಎಸ್ (ಸೆಷನ್ನಿನ ಭಾರದ ಅಂಕ) ಸರಿ, ಬಾಕ್ಸ್ ಹಸಿರು.

ಹಸಿರಾಗದ ವಿಷಯಗಳೂ ಇದ್ದವು. ಝೋನ್ 2 ರೈಡ್‌ನಲ್ಲಿ, ಅಂದರೆ ಆರಾಮಾಗಿ ತುಳಿಯಬೇಕಾದ ರೈಡ್‌ನಲ್ಲಿ, ಅವರ ಹಾರ್ಟ್ ರೇಟ್ ಮೊದಲು 131ರ ಹತ್ತಿರ ಇರುತ್ತಿತ್ತು, ಈಗ 146. ಎರಡನೇ ಅರ್ಧದಲ್ಲಿ ಇನ್ನೂ ಮೇಲೆ. ನಾನು ಏನಂದೆ ಗೊತ್ತಾ? "ಒಳಗೆ ಸೆಕೆ ಮೇಡಂ, ಫ್ಯಾನ್ ಸಾಲ್ತಿಲ್ಲ, ಇನ್ನೊಂದು ತಗೊಳ್ಳಿ." ತಗೊಂಡರು. ಎದೆಯೆತ್ತರದ ಸ್ಟ್ಯಾಂಡ್ ಫ್ಯಾನ್. ಹಾರ್ಟ್ ರೇಟ್ ಎರಡು ಇಳಿಯಿತು. ನಾನು ಅದನ್ನೂ ಗೆಲುವು ಅಂತ ಬರೆದುಕೊಂಡೆ. ಆರ್‌ಪಿಇ, ಅಂದರೆ ಎಷ್ಟು ಕಷ್ಟ ಅನ್ನಿಸಿತು ಅಂತ ಹತ್ತಕ್ಕೆ ಕೊಡುವ ಅಂಕ, 3 ಇರಬೇಕಾದ ರೈಡಿಗೆ ಅವರು 6 ಹಾಕುತ್ತಿದ್ದರು. ಕೆಲವರು ಎಲ್ಲಕ್ಕೂ ಜಾಸ್ತಿ ಹಾಕುತ್ತಾರೆ, ಇವರೂ ಹಾಗೇ ಅಂದುಕೊಂಡೆ. ಹಿಂದಿನ ಇಡೀ ವರ್ಷ ಅದೇ ರೈಡಿಗೆ 3 ಹಾಕಿದ್ದವರು ಅನ್ನುವುದನ್ನು ತಿರುಗಿ ನೋಡಲು ಎರಡು ಕ್ಲಿಕ್ ಸಾಕಿತ್ತು.

ಆ ದಿನ ವಿಡಿಯೋ ಕಾಲ್‌ನಲ್ಲಿ ಸ್ವೀಟ್ ಸ್ಪಾಟ್ ಸೆಷನ್ (ಎಫ್‌ಟಿಪಿಗಿಂತ ಸ್ವಲ್ಪ ಕೆಳಗೆ), 12 ನಿಮಿಷದ ಮೂರು ಸೆಟ್, 199 ವ್ಯಾಟ್. ಅವರ ಫೋನ್ ಪಕ್ಕದಲ್ಲಿ ಸ್ಟೂಲ್ ಮೇಲೆ, ನನಗೆ ಕಾಣುತ್ತಿದ್ದದ್ದು ಸೊಂಟದಿಂದ ಕೆಳಗೆ. ಮೊದಲ ಸೆಟ್ ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ಮಾತು ನಿಂತಿತು. ಸ್ವೀಟ್ ಸ್ಪಾಟ್‌ನಲ್ಲಿ ಮಾತು ಕಮ್ಮಿಯಾಗುವುದು ಸಹಜ, ಆದರೆ ಅವರು "ಹ್ಞೂಂ" ಅನ್ನುವುದಕ್ಕೂ ಉಸಿರು ಹುಡುಕುತ್ತಿದ್ದರು.

ಮೂರನೇ ಸೆಟ್ಟಿನ ನಾಲ್ಕನೇ ನಿಮಿಷ. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ತಿರುಗುವ ಸುತ್ತು) 88 ಇದ್ದದ್ದು 79 ಆಯಿತು. ನಾನು "ಹಿಡೀರಿ ಮೇಡಂ, ಕಾಲು ತಿರುಗ್ಲಿ" ಅಂದೆ. 71. ಎರ್ಗ್ ಮೋಡ್ ಬಗ್ಗೆ ಗೊತ್ತಿದ್ದವರಿಗೆ ಮುಂದಿನದು ಗೊತ್ತು. ಕಾಲು ನಿಧಾನ ಆದಷ್ಟೂ ಅದೇ ವ್ಯಾಟ್ ಬರಲಿ ಅಂತ ಟ್ರೇನರ್ ಇನ್ನಷ್ಟು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಕಾಲು ಇನ್ನೂ ನಿಧಾನ. 62. ಅಲ್ಲಿ "ಎರ್ಗ್ ಆಫ್ ಮಾಡಿ" ಅನ್ನಬೇಕಿತ್ತು. ನಾನು ಅಂದದ್ದು "ಇನ್ನೊಂದೇ ನಿಮಿಷ, ಬಿಡ್ಬೇಡಿ!" 54. 40. ಪೆಡಲ್ ಗಕ್ಕನೆ ನಿಂತಿತು, ಗಾಣದ ಎತ್ತು ನಿಂತ ಹಾಗೆ.

ಆಮೇಲೆ ಎರಡು ಫ್ಯಾನಿನ ಸದ್ದು ಮಾತ್ರ.

ಅವರು ಸೈಕಲ್‌ನಿಂದ ಇಳಿದರು. ಇಳಿದವರು ಹ್ಯಾಂಡಲ್ ಹಿಡಿದು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಿದ್ದರು. ಎಡಗಾಲು ನೆಲದ ಮೇಲೆ, ಬಲಗಾಲಿನ ಬೆರಳ ತುದಿ ಮಾತ್ರ ಮ್ಯಾಟ್‌ಗೆ ತಾಗಿತ್ತು.

"ಮೇಡಂ, ಬಲಗಾಲಿಗೆ ಏನಾಗಿದೆ?"

"ಅದೇ ಹಳೇದು ಸರ್. ರೇಸಲ್ಲಿ ಓಡುವಾಗ ಹಿಡ್ಕೊಂಡಿತ್ತಲ್ಲ, ಮಂಡಿ. ಕಾಮೆಂಟಲ್ಲಿ ಬರ್ದಿದ್ದೆ."

ಕಾಲ್ ಕಟ್ ಮಾಡಿ ಕಾಮೆಂಟ್ ಹುಡುಕಿದೆ. ಇತ್ತು. ಒಂದಲ್ಲ, ನಾಲ್ಕು. ಮೊದಲನೆಯದು ಟೆಸ್ಟ್ ದಿನದ್ದೇ: "ಬಲ ಮಂಡಿ ಸ್ವಲ್ಪ ಬಿಗಿ ಇದೆ, ಎಡಗಾಲಲ್ಲೇ ಜಾಸ್ತಿ ತುಳಿದ ಹಾಗನ್ನಿಸ್ತು." ಅದರ ಕೆಳಗೆ ನನ್ನ ಉತ್ತರ, ಒಂದು ಹೆಬ್ಬೆರಳು. 👍

ಆ ಹೆಬ್ಬೆರಳನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. "ಎಡಗಾಲಲ್ಲೇ ಜಾಸ್ತಿ" ಅನ್ನುವ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆಗ ಹೊಳೆಯಿತು. ಅವರದ್ದು ಒಂದೇ ಕಡೆಯ ಪವರ್ ಪೆಡಲ್. ಸೆನ್ಸರ್ ಇರುವುದು ಎಡಕ್ಕೆ ಮಾತ್ರ. ಎಡಗಾಲು ಎಷ್ಟು ತುಳಿಯಿತು ಅಂತ ಅಳೆದು, ಬಲಗಾಲೂ ಅಷ್ಟೇ ತುಳಿದಿರಬೇಕು ಅಂತ ನಂಬಿ, ಎರಡರಿಂದ ಗುಣಿಸಿ ತೋರಿಸುತ್ತದೆ. ಟೆಸ್ಟ್ ಮಾಡಿದ್ದು ಆ ಪೆಡಲ್‌ನಲ್ಲಿ. ಆರು ವಾರದ ಸೆಷನ್‌ಗಳನ್ನು ನಡೆಸಿದ್ದು ಟ್ರೇನರ್‌ನ ಪವರ್. ಇವೆರಡೂ ಒಂದೇ ಮಾತು ಹೇಳುತ್ತವಾ ಅಂತ ಯಾರೂ ನೋಡಿರಲಿಲ್ಲ. ಯಾರೂ ಅಂದರೆ ನಾನು.

ಎರಡು ದಿನ ಬಿಟ್ಟು, ಮಂಡಿಗೆ ನೋವಾಗದಷ್ಟು ಹಗುರವಾಗಿ ಹತ್ತು ನಿಮಿಷ ತುಳಿಸಿ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿಸಿದೆ. ಟ್ರೇನರ್ 120 ಅನ್ನುತ್ತಿತ್ತು, ಪೆಡಲ್ 130. ಅಂದರೆ ಎಡಗಾಲಿನ ಪಾಲು ಹೆಚ್ಚುಕಡಿಮೆ ಶೇ. 54. ಇದೇ ಲೆಕ್ಕ ಟೆಸ್ಟಿಗೆ ಹಾಕಿದರೆ ಅವರ ನಿಜವಾದ ಎಫ್‌ಟಿಪಿ 200ರ ಆಚೀಚೆ, ರೆಸ್ಟ್ ಆದಮೇಲೆ ಎಷ್ಟಿರಬೇಕೋ ಅಷ್ಟೇ. ನಾನು ಮೂರು ಬೆಂಕಿ ಹಾಕಿ ಮೆರೆಸಿದ ಆ 11 ವ್ಯಾಟ್ ಬಂದದ್ದು ಅವರ ಬಲಗಾಲು ಕುಂಟುತ್ತಿದ್ದದ್ದರಿಂದ. ನನ್ನ ಝೋನ್ 2 ಅವರಿಗೆ ಅದರ ಮೇಲಿನ ಝೋನ್, ಟೆಂಪೋ ಆಗಿತ್ತು, ನನ್ನ ಸ್ವೀಟ್ ಸ್ಪಾಟ್ ಸೀದಾ ಥ್ರೆಶೋಲ್ಡ್, ಅಂದರೆ ಎಫ್‌ಟಿಪಿ ಮಟ್ಟ. ಬೇಸ್ ಕಟ್ಟುವ ಆರು ವಾರ ಅಂತ ಹೆಸರಿಟ್ಟು ನೋಯುವ ಕಾಲಿನವರನ್ನು ವಾರಕ್ಕೆ ಮೂರು ಸಲ ಥ್ರೆಶೋಲ್ಡ್ ಹತ್ತಿರ ಓಡಾಡಿಸಿದ್ದೆ. ಟಿಎಸ್ಎಸ್ ಕೂಡ ಅದೇ 216ರ ಲೆಕ್ಕದಲ್ಲಿ ಬರುವುದರಿಂದ ಚಾರ್ಟಿನಲ್ಲಿ ಭಾರ ಇದ್ದದ್ದಕ್ಕಿಂತ ಕಮ್ಮಿಯೇ ಕಾಣುತ್ತಿತ್ತು.

ಫಿಸಿಯೋ ನೋಡಿದರು. ಮೂಳೆಗೆ ಏನೂ ಆಗಿರಲಿಲ್ಲ, ಮಂಡಿಚಿಪ್ಪಿನ ಸುತ್ತ ನೋವು, ಬಲ ಸೊಂಟದಲ್ಲಿ ಶಕ್ತಿ ಕಮ್ಮಿ. ಓಟ ಅರ್ಧಕ್ಕೆ ಇಳಿಸಿದೆವು, ವಾರಕ್ಕೆರಡು ದಿನ ಸ್ಟೆಪ್ ಡೌನ್, ಸ್ಪ್ಲಿಟ್ ಸ್ಕ್ವಾಟ್, ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವ ಕಾಫ್ ರೈಸ್. ಉಳಿದ ಟೈಮೆಲ್ಲ ಈಜಿಗೆ. ನನ್ನ ಕೇಳಿದರೆ ಆಫ್ ಸೀಸನ್ ಇರುವುದೇ ಅದಕ್ಕೆ. ಸ್ಟ್ರೋಕ್ ಬಿಚ್ಚಿ ಹೊಸದಾಗಿ ಜೋಡಿಸುವಾಗ ಸ್ಪೀಡ್ ಬಿದ್ದೇ ಬೀಳುತ್ತದೆ, ರೇಸ್ ಹತ್ತಿರ ಇದ್ದಾಗ ಆ ಬೀಳುವಿಕೆಯನ್ನು ಯಾರೂ ತಡೆದುಕೊಳ್ಳಲ್ಲ. ಇವರು ಮೊದಲ ಎರಡು ವಾರ ಸ್ಕಲ್ಲಿಂಗ್ (ಅಂಗೈಯಿಂದ ನೀರನ್ನು ಅತ್ತಿತ್ತ ತಳ್ಳುವ ಅಭ್ಯಾಸ), ಮುಷ್ಟಿ ಕಟ್ಟಿ ಈಜುವುದು, ತೊಡೆಗಳ ನಡುವೆ ಪುಲ್ ಬಾಯ್ ಅನ್ನುವ ತೇಲುವ ತುಂಡು ಇಟ್ಟುಕೊಂಡು 50 ಮೀಟರ್ ರಿಪೀಟ್, ಇಷ್ಟನ್ನೇ ಮಾಡಿದರು. ಬಾಕ್ಸ್‌ಗಳು ಅರ್ಧ ಹಳದಿ, ಅರ್ಧ ಕೆಂಪು. ಆರ್‌ಪಿಇ 3ಕ್ಕೆ ವಾಪಸ್ ಬಂತು.

ಈಗ ನಾನು ಕಾಮೆಂಟ್ ಮೊದಲು ಓದುತ್ತೇನೆ, ಬಾಕ್ಸ್ ಆಮೇಲೆ. ಒಂದೇ ಕಡೆಯ ಪೆಡಲ್ ಇರುವವರ ಹೆಸರು ಬೇರೆ ಶೀಟಿನಲ್ಲಿ ಬರೆದಿಟ್ಟಿದ್ದೇನೆ, 34ರಲ್ಲಿ ಒಂಬತ್ತು ಜನ. ರೆಸ್ಟ್ ಆದ ಮೊದಲ ತಿಂಗಳು ಟೆಸ್ಟ್ ಬೇಡ, ಮಾತಾಡುತ್ತಾ ತುಳಿಯಲು ಆಗುವುದೇ ಝೋನ್ 2 ಅಂತ ಮೀಟಿಂಗ್‌ನಲ್ಲಿ ಹೇಳಿದೆ. "ಅದನ್ನ ಡ್ಯಾಶ್‌ಬೋರ್ಡಲ್ಲಿ ಹೇಗೆ ತೋರ್ಸೋದು?" ಅಂದರು. ಉತ್ತರ ಇರಲಿಲ್ಲ, ಇನ್ನೂ ಇಲ್ಲ.

ಮಂಡಿ ಸರಿಯಾದಮೇಲೆ ಟ್ರೇನರ್‌ನ ಪವರ್‌ನಲ್ಲೇ ಮತ್ತೆ ಟೆಸ್ಟ್ ಮಾಡಿಸಿದೆ. 20 ನಿಮಿಷಕ್ಕೆ 207, ಅದರ ಶೇ. 95 ಅಂದರೆ ಎಫ್‌ಟಿಪಿ 197. ಒಳ್ಳೆ ನಂಬರ್, ನಿಜವಾದ ನಂಬರ್. ಡ್ಯಾಶ್‌ಬೋರ್ಡ್ ಅದಕ್ಕೆ ಕೆಂಪು ಬಾಣ ಹಾಕಿ ಶೇ. 9 ಕುಸಿತ ಅಂತ ತೋರಿಸಿತು, ಜಾರುವವರ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಬಂತು. ಅವರೇನೂ ಜಾರಲಿಲ್ಲ. ಆ ರಾತ್ರಿ ಒಂದು ಕಾಮೆಂಟ್ ಬಂತು: "ಸರ್, ಹಾಗಾದ್ರೆ ಆ ದೊಡ್ಡ ಫ್ಯಾನ್ ಬೇಕಾಗೇ ಇರ್ಲಿಲ್ವಾ? ಮಾರ್ಬಿಡ್ಲಾ?"

ಇಟ್ಕೊಳ್ಳಿ ಮೇಡಂ ಅಂತ ಬರೆದೆ. ಆ ಆರು ವಾರದಲ್ಲಿ ನಾನು ಸರಿಯಾಗಿ ಹೇಳಿದ್ದು ಆ ಫ್ಯಾನ್ ಒಂದೇ.