ಸಾಗವಾನಿಯ ಉಂಗುರಗಳಲ್ಲಿ ಉಳಿದಿರುವ ಕಾಡಿನ ಲೆಕ್ಕ

ಧಾರವಾಡದಿಂದ ಕಲಘಟಗಿಯ ಕಡೆಗೆ ಹೋಗುವಾಗ ಕಾಣುವ ಕಾಡು ಮಳೆಗಾಲದಲ್ಲಿ ಎಷ್ಟು ತುಂಬಿಕೊಂಡಿರುತ್ತದೆಯೆಂದರೆ, ಅದು ಮೊದಲಿನಿಂದಲೂ ಹೀಗೆಯೇ ಇತ್ತೆಂದು ಯಾರಾದರೂ ನಂಬಿಬಿಡುತ್ತಾರೆ. ಆದರೆ ನಮ್ಮ ಸೀಮೆಯ ಎಲೆ ಉದುರುವ ಕಾಡುಗಳು ನಾಟಾ ಕಡಿತ, ಸೌದೆ, ದನಗಳ ಮೇವು, ಬೇಸಿಗೆಯ ಬೆಂಕಿ ಇವೆಲ್ಲವನ್ನೂ ಉಂಡು ಮತ್ತೆ ಎದ್ದವು. ಕಾಡಿನ ಯಾವ ಪಟ್ಟಿಯನ್ನು ಯಾವಾಗ ಕಡಿದರು, ಅದು ಚೇತರಿಸಿಕೊಳ್ಳಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಹಸಿರು ನೋಡಿ ಹೇಳಲಾಗದು. ಉಪಗ್ರಹ ಚಿತ್ರಗಳು ನಿಯಮಿತವಾಗಿ ಸಿಗುವುದು 1970ರ ದಶಕದಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನ ಲೆಕ್ಕ ಬೇಕಿದ್ದರೆ ಮರದ ಕಾಂಡವನ್ನೇ ಓದಬೇಕು.

ಉಷ್ಣವಲಯದ ಮರಗಳಲ್ಲಿ ವಾರ್ಷಿಕ ಉಂಗುರಗಳೇ ಮೂಡುವುದಿಲ್ಲ ಎಂಬ ಮಾತು ಬಹಳ ಕಾಲದಿಂದ ಇದೆ. ಸಾಗವಾನಿಯ ವಿಷಯದಲ್ಲಿ ಅದು ನಿಜವಲ್ಲ. ಬೆರ್ಲಾಗೆ ಎಂಬ ಡಚ್ ವಿಜ್ಞಾನಿ 1931ರಲ್ಲಿಯೇ ಜಾವಾದ ಸಾಗವಾನಿಯಿಂದ ನಾಲ್ಕು ನೂರು ವರ್ಷಗಳಷ್ಟು ಉದ್ದದ ಉಂಗುರಸರಣಿಯನ್ನು ಪ್ರಕಟಿಸಿದ್ದರು. ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಯ ದಿಮ್ಮಿಯ ಅಡ್ಡಮೈಯನ್ನು ಮರಳುಕಾಗದದಿಂದ ಉಜ್ಜಿ, ಸ್ವಲ್ಪ ನೀರು ಸವರಿ ನೋಡಿದರೆ ಇದು ಬರಿಗಣ್ಣಿಗೇ ತಿಳಿಯುತ್ತದೆ. ಮಳೆ ಹಿಡಿದು ಬೆಳವಣಿಗೆ ಶುರುವಾದಾಗ ಮೂಡಿದ ದೊಡ್ಡ ರಂಧ್ರಗಳು ಒಂದು ಮಾಸಲು ಪಟ್ಟಿಯೊಳಗೆ ಸಾಲುಗಟ್ಟಿ ನಿಂತಿರುತ್ತವೆ. ಹೊರಗೆ ಹೋದಂತೆ ರಂಧ್ರಗಳು ಚಿಕ್ಕವಾಗಿ, ಕಟ್ಟಿಗೆ ಗಟ್ಟಿಯಾಗಿ, ಮುಂದಿನ ವರ್ಷದ ದೊಡ್ಡ ರಂಧ್ರಗಳ ಸಾಲು ಥಟ್ಟನೆ ಎದುರಾಗುತ್ತದೆ. ಕೆಚ್ಚಿನ ನಡುವೆ ಕೆಲವು ಉಂಗುರಗಳು ಬೆರಳಗಲ ಇದ್ದರೆ, ಅಂಚಿನಲ್ಲಿ ಕೆಲವು ಉಗುರಿನ ದಪ್ಪಕ್ಕೂ ಬರುವುದಿಲ್ಲ.

ಕಡಿದ ಬೊಡ್ಡೆಯಿಂದ ಚಿಗುರಿ ಬೆಳೆದ ಕಾಂಡದಲ್ಲಿ ನಟ್ಟನಡುವಿನ ಉಂಗುರಗಳು ಸಾಮಾನ್ಯವಾಗಿ ಅಗಲವಾಗಿರುತ್ತವೆ, ಏಕೆಂದರೆ ಹಳೆಯ ಬೇರು ಕೂಡಿಟ್ಟ ಆಹಾರವೆಲ್ಲ ಆ ಚಿಗುರಿಗೆ ಸಿಕ್ಕಿರುತ್ತದೆ. ಒಂದೇ ಪಟ್ಟಿಯ ಹತ್ತಾರು ಮರಗಳ ಕಾಂಡದ ನಟ್ಟನಡುವಿನ ಉಂಗುರ ಹೆಚ್ಚುಕಡಿಮೆ ಒಂದೇ ವರ್ಷಕ್ಕೆ ಬಂದು ನಿಂತರೆ, ಅದಕ್ಕೆ ಸ್ವಲ್ಪ ಮೊದಲು ಅಲ್ಲಿ ಕೊಡಲಿ ಬಿದ್ದಿತ್ತೆಂದು ಊಹಿಸಲು ಒಳ್ಳೆಯ ಆಧಾರ ಸಿಕ್ಕಂತಾಯಿತು. ಕಡಿಯದೆ ಬಿಟ್ಟ ಮರಗಳು ಇದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತವೆ. ಪಕ್ಕದ ಮರ ಹೋಗಿ ಬೆಳಕೂ ನೀರೂ ಬಿಡುವಾದಾಗ ಉಳಿದ ಮರದ ಉಂಗುರಗಳು ಒಮ್ಮೆಲೇ ಅಗಲವಾಗಿ, ಹಲವು ವರ್ಷ ಹಾಗೆಯೇ ಸಾಗುತ್ತವೆ. ಯಾವುದೇ ವರ್ಷದ ಹಿಂದಿನ ಹತ್ತು ವರ್ಷಗಳ ಸರಾಸರಿ ಅಗಲವನ್ನು ಮುಂದಿನ ಹತ್ತು ವರ್ಷಗಳದ್ದರೊಡನೆ ಹೋಲಿಸಿ, ಏರಿಕೆ ಶೇಕಡಾ 25ನ್ನು ದಾಟಿದರೆ ಅದನ್ನು ಇಂಥ ಬಿಡುಗಡೆಯ ಗುರುತೆಂದು ಎಣಿಸುವುದು ಸಂಶೋಧಕರಲ್ಲಿ ರೂಢಿಯಲ್ಲಿರುವ ಒಂದು ಕ್ರಮ.

ಕಷ್ಟವಿರುವುದು ಬರ ಮತ್ತು ಕಡಿತಗಳನ್ನು ಬೇರ್ಪಡಿಸುವುದರಲ್ಲಿ, ಮತ್ತು ನನಗೆ ಈ ವಿದ್ಯೆಯ ಸೊಗಸು ಕಾಣುವುದೂ ಅಲ್ಲಿಯೇ. 1972ರಂತೆ ಮುಂಗಾರು ಕೈಕೊಟ್ಟ ವರ್ಷದಲ್ಲಿ ಇಡೀ ಸೀಮೆಯ ಮರಗಳು ಒಟ್ಟಿಗೇ ಸೊರಗುತ್ತವೆ, ಒಳ್ಳೆಯ ಮಳೆ ಬಂದರೆ ಒಟ್ಟಿಗೇ ಸುಧಾರಿಸುತ್ತವೆ. ಕಡಿತದ ಗುರುತು ಕಡಿದ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ಎರಡು ಹರದಾರಿ ಆಚೆಯ ಮರಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ಕೈಹಾಕದ ಕಾಡಿನ ಮರಗಳನ್ನೂ ಅಳೆದು, ಎಲ್ಲ ಮರಗಳಿಗೂ ಸಮಾನವಾದ ಕಿರಿದಾದ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ, ಪ್ರತಿ ಉಂಗುರಕ್ಕೂ ಅದರ ಇಸವಿಯನ್ನು ಕಟ್ಟಿದ ಮೇಲೆಯೇ ಕಡಿತದ ಮಾತೆತ್ತಬೇಕು. ಬರೀ ಎಣಿಸಿದರೆ ಸಾಲದು, ಏಕೆಂದರೆ ನಡುವೆ ಮಳೆ ನಿಂತು ಮತ್ತೆ ಬಂದ ವರ್ಷದಲ್ಲಿ ಸಾಗವಾನಿಯು ಸುಳ್ಳು ಉಂಗುರವನ್ನು ಮೂಡಿಸಬಲ್ಲದು, ತೀರ ಕೆಟ್ಟ ವರ್ಷದಲ್ಲಿ ಉಂಗುರವನ್ನೇ ಬಿಟ್ಟುಬಿಡಬಲ್ಲದು.

ಮರದ ವಯಸ್ಸನ್ನು ಬೇರಿನ ವಯಸ್ಸೆಂದು ತಿಳಿಯಬಾರದು. ಸಾಗವಾನಿಯ ಸಸಿ ಬೆಂಕಿಗೋ ಬೇಸಿಗೆಗೋ ಒಣಗಿ, ಬೇರಿನಿಂದ ಮತ್ತೆ ಚಿಗುರಿ, ಹೀಗೆ ವರ್ಷಗಟ್ಟಲೆ ನೆಲದ ಮಟ್ಟದಲ್ಲೇ ಕಳೆಯುತ್ತದೆ. ಎದೆಮಟ್ಟದಲ್ಲಿ ಕಾಂಡವನ್ನು ಕೊರೆದು ತೆಗೆದ ಕಡ್ಡಿಯಂಥ ಕಟ್ಟಿಗೆಯ ಎಳೆಯಲ್ಲಿ ಆ ವರ್ಷಗಳು ಬರುವುದಿಲ್ಲ.

ಗದಗಿನ ಕಪ್ಪತಗುಡ್ಡದಂಥ ಕುರುಚಲು ಕಾಡಿನಲ್ಲಿ ಈ ಕೆಲಸ ಇನ್ನೂ ಕಠಿಣ. ಅಲ್ಲಿ ಉಂಗುರ ಸ್ಪಷ್ಟವಾಗಿರುವ ಜಾತಿಗಳನ್ನು ಮೊದಲು ಆರಿಸಿಕೊಳ್ಳಬೇಕಾಗುತ್ತದೆ. ಸಾಗವಾನಿ ಇರುವ ಧಾರವಾಡ, ಹಾವೇರಿ ಜಿಲ್ಲೆಗಳ ಕಡೆಯಲ್ಲಿ ಮಾತ್ರ ಒಂದು ಒಳ್ಳೆಯ ಅವಕಾಶವಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ನೆಡುತೋಪುಗಳಲ್ಲಿ ಸಸಿ ನೆಟ್ಟ ವರ್ಷವೂ, ನಡುವೆ ಮರಗಳನ್ನು ವಿರಳಗೊಳಿಸಿದ ವರ್ಷವೂ ದಾಖಲೆಯಲ್ಲಿರುತ್ತವೆ. ವಿರಳಗೊಳಿಸುವುದೆಂದರೆ ಇಸವಿ ಗೊತ್ತಿರುವ ಕಡಿತವೇ ಸರಿ. ಉಳಿದ ಮರಗಳ ಉಂಗುರ ಆ ಕಡಿತಕ್ಕೆ ಎಷ್ಟು ಬೇಗ, ಎಷ್ಟು ಅಗಲವಾಗಿ ಉತ್ತರಿಸಿತೆಂದು ಅಲ್ಲಿ ಅಳೆದುಕೊಂಡರೆ, ದಾಖಲೆಯಿಲ್ಲದ ನೈಸರ್ಗಿಕ ಕಾಡನ್ನು ಓದಲು ನಮ್ಮ ಮಣ್ಣಿಗೂ ಮಳೆಗೂ ಒಪ್ಪುವ ಅಳತೆಗೋಲು ಸಿಗುತ್ತದೆ. ಬೇರೆ ದೇಶದ ಓಕ್ ಕಾಡಿಗೆಂದು ಕಟ್ಟಿದ ಆ ಶೇಕಡಾ 25ರ ಲೆಕ್ಕವನ್ನು ಇಲ್ಲಿಗೆ ತಂದು ಹೇರಬೇಕಾಗಿಲ್ಲ.

ಇದಕ್ಕಾಗಿ ನಿಂತ ಮರಕ್ಕೆ ಕೈಹಾಕಬೇಕೆಂದೂ ಇಲ್ಲ. ಅನುಮತಿಯೊಡನೆ ಕಡಿದ ತೋಪಿನ ಬೊಡ್ಡೆಯಿಂದ ಎರಡು ಇಂಚು ದಪ್ಪದ ಬಿಲ್ಲೆಯನ್ನು ಕೊಯ್ದು, ಉತ್ತರ ದಿಕ್ಕನ್ನು ಗುರುತು ಹಾಕಿ, ಸ್ಥಳ, ನೆಲದಿಂದ ಎತ್ತರ ಮತ್ತು ಕಡಿದ ತಿಂಗಳನ್ನು ಬರೆದು, ಬಿರಿಯದಂತೆ ನೆರಳಿನಲ್ಲಿ ಒಣಗಿಸಿಟ್ಟರೆ ಸಾಕು. ಕಡಿದ ತಿಂಗಳನ್ನು ಬರೆಯುವುದನ್ನು ಯಾರೂ ಬಿಡಬಾರದು, ಏಕೆಂದರೆ ತೊಗಟೆಯ ಒಳಗಿನ ಕೊನೆಯ ಉಂಗುರ ಯಾವ ವರ್ಷದ್ದೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ.