ಜೊಂಡಿಗೆ ಯಾವ ಔಷಧಿಯೂ ಬೇಡ

“ಗಿಡದೊಳಗೆ ಬೂಷ್ಟು ಇದೆಯೆಂದರೆ ರೋಗ ತಾನೇ? ಯಾವ ಔಷಧಿ ಹೊಡೆಯುತ್ತೀರಿ?” ಕೆರೆಗಿಡಗಳ ಬೇರಿನೊಳಗೆ ಬದುಕುವ ಶಿಲೀಂಧ್ರಗಳನ್ನು ಅಭ್ಯಾಸ ಮಾಡುತ್ತೇನೆ ಎಂದು ಬಾಯಿಬಿಟ್ಟಲ್ಲೆಲ್ಲ ಇದೇ ಪ್ರಶ್ನೆ. ರೋಗವಲ್ಲ. ಔಷಧಿ ಬೇಡ. ಗಿಡ ಸೊರಗಿದಾಗ ಕೆಲವು ಶಿಲೀಂಧ್ರಗಳು ತಿರುಗಿಬೀಳುವುದುಂಟು, ಅಷ್ಟೇ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಜಕ್ಕೂರು ಕೆರೆಯ ಏರಿಯ ಮೇಲೆ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಜೊಂಡಿನ ಬೇರು ನೋಡಿ ಇದನ್ನೇ ಕೇಳಿದರು. ಸಾವಧಾನವಾಗಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, “ಹಾಗಿದ್ದರೆ ಕಿತ್ತು ಸುಟ್ಟುಬಿಡಮ್ಮ, ಬೇರೆ ಗಿಡಕ್ಕೆ ಹರಡೀತು” ಎಂದರು! ಶುದ್ಧೀಕರಿಸಿದ ಕೊಳಚೆನೀರು ಆ ಕೆರೆಗೆ ಸೇರುವ ಮುನ್ನ ಹಾದುಬರುವುದೇ ಇಂಥ ಜೊಂಡಿನ ನಡುವೆ. ಒಳಗೊಂದು ಜೀವವಿದೆ ಎಂದೊಡನೆ ಕೊಲ್ಲುವ ಮಾತೇ ಏಕೆ ಮೊದಲು ಬರಬೇಕು?

ಗಿಡ-ಶಿಲೀಂಧ್ರಗಳ ಈ ಸಹವಾಸ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿಯಲ್ಲಿ, ಅಂದಿನ ಬಿಸಿನೀರಿನ ಬುಗ್ಗೆಗಳ ಬಳಿ ಕಲ್ಲಾಗಿ ಉಳಿದ ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳಿವೆ. ಅವುಗಳಲ್ಲಿ ಕೆಲವಕ್ಕೆ ನಿಜವಾದ ಬೇರೇ ಇರಲಿಲ್ಲ, ಒಳಗೆ ಶಿಲೀಂಧ್ರ ಮಾತ್ರ ಇತ್ತು. ಇಂದಿನ ಬೇರನ್ನು ತೊಳೆದು, ಕ್ಷಾರದಲ್ಲಿ ಕಾಯಿಸಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದೊಂದು ಜೀವಕೋಶದೊಳಗೂ ಕವಲೊಡೆದ ಪುಟ್ಟ ಮರದಂಥ ಶಿಲೀಂಧ್ರ ಕಾಣಸಿಗುವುದುಂಟು. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲೇ. ಗಿಡಕ್ಕೆ ರಂಜಕ, ಶಿಲೀಂಧ್ರಕ್ಕೆ ಸಕ್ಕರೆ ಮತ್ತು ಕೊಬ್ಬು. ನೀರು ಹೆಚ್ಚಿದಂತೆ ಈ ಶಿಲೀಂಧ್ರಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆದರೂ ಇರುತ್ತವೆ ಎಂಬುದೇ ನನ್ನನ್ನು ಹಿಡಿದಿಟ್ಟಿರುವ ಸಂಗತಿ.

ಏಕೆಂದರೆ ಶಿಲೀಂಧ್ರಕ್ಕೂ ಆಮ್ಲಜನಕ ಬೇಕು, ಕೆರೆಯ ಕೆಸರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಅಲ್ಲಿ ಉಸಿರಾಡುವುದು ಹೇಗೆ? ಇದನ್ನು ಯಾರಾದರೂ ಕೇಳಬಾರದೇ!

ಜೊಂಡಿನ ಒಂದು ಎಲೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಒಳಗೆಲ್ಲ ಸಾಲುಸಾಲು ಗಾಳಿಗೂಡುಗಳು. ನೀರಿನಲ್ಲಿ ಮುಳುಗಿಸಿ ಅದುಮಿದರೆ ಗುಳ್ಳೆಗಳು ಏಳುತ್ತವೆ. ಈ ದಾರಿಯಲ್ಲೇ ಗಾಳಿ ಬೇರಿನವರೆಗೆ ಇಳಿಯುತ್ತದೆ, ಬೇರಿನಿಂದ ಸುತ್ತಲ ಕೆಸರಿಗೂ ಒಂದಿಷ್ಟು ಸೋರುತ್ತದೆ. ಒಣಗಿ ನಿಂತ ದಂಟು ಕೂಡ ಗಾಳಿ ಒಯ್ಯುತ್ತದೆ. ನೀರಿನ ಮಟ್ಟದ ಕೆಳಗೆ ಕತ್ತರಿಸಿದರೆ ಈ ದಾರಿಯೇ ಮುಚ್ಚಿ, ಕ್ರಮೇಣ ಬೇರು ಸಾಯುತ್ತದೆ, ಅದರೊಳಗೆ ಬದುಕಿದ್ದವೂ ನೆಲೆ ಕಳೆದುಕೊಳ್ಳುತ್ತವೆ.

ನಿಮ್ಮ ಬಡಾವಣೆಯ ಕೆರೆಯಲ್ಲಿ ಜೊಂಡು ತೆಗೆಸುವ ಮಾತು ಬಂದಾಗ, ಯಾವ ಭಾಗವನ್ನು ಉಳಿಸಬೇಕು, ನೀರಿನಿಂದ ಎಷ್ಟು ಮೇಲಕ್ಕೆ ಕತ್ತರಿಸಬೇಕು ಎಂದು ಕೇಳಿ. ಅಂಥ ಪ್ರಶ್ನೆಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಉತ್ತರಿಸುತ್ತೇನೆ.