ಸುಣ್ಣದ ಪುಡಿಯಲ್ಲಿ ಎಳೆದ ರ‍್ಯಾಂಪ್

ಬೆಂಗಳೂರಿನ ಬಡಾವಣೆಯ ಪಾರ್ಕೊಂದನ್ನು ಎಲ್ಲರಿಗೂ ಅನುಕೂಲವಾಗುವಂತೆ ಬದಲಿಸಬೇಕೆಂದು ಸಭೆ ಕರೆದರೆ ಬರುವವರು ಬೆಳಗಿನ ವಾಕಿಂಗ್‌ನವರು. ಅವರಿಗೆ ಒಳಗೆ ಬರಲು ತೊಂದರೆಯೇ ಇಲ್ಲ. ಹಾಗಾಗಿ ಆ ಶನಿವಾರ ಸಭೆ ಬೇಡ, ಗೇಟಿನ ಬಳಿಯೇ ನಿಲ್ಲೋಣ ಎಂದಾಯಿತು: ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ ನಾಲ್ಕರಿಂದ ಏಳು. ವ್ಹೀಲ್‌ಚೇರ್ ಬಳಸುವ ಇಬ್ಬರು, ಬಿಳಿಕೋಲಿನ ಮೇಷ್ಟ್ರು, ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ತರುವ ಅಜ್ಜಿ, ಇವರನ್ನೆಲ್ಲ ಮನೆಗೇ ಹೋಗಿ ಕರೆದದ್ದು. ಮಾಲಿಯೂ ಜೊತೆಗಿದ್ದ. ಸಾಮಾನು ಇಷ್ಟೇ: ಐದು ಮೀಟರಿನ ಟೇಪು, 120 ಸೆಂ.ಮೀ. ಉದ್ದದ ನೇರವಾದ ಮರದ ಪಟ್ಟಿ, ಮೇಸ್ತ್ರಿಯ ರಸಮಟ್ಟ (ಸಮತಟ್ಟು ನೋಡಲು ಗುಳ್ಳೆಯಿರುವ ಸಾಧನ), ದಾರ, ಒಂದು ಚೀಲ ಸುಣ್ಣದ ಪುಡಿ.

ಮೊದಲ ಜಗಳ ಗೇಟಿನಲ್ಲೇ. ಬೈಕು ನುಗ್ಗಬಾರದೆಂದು ನೆಟ್ಟ ಕಂಬಗಳ ನಡುವೆ 55 ಸೆಂ.ಮೀ. ಜಾಗ. ವ್ಹೀಲ್‌ಚೇರಿಗೆ 90 ಬೇಕು. "90 ಬಿಟ್ರೆ ಡೆಲಿವರಿ ಬೈಕೆಲ್ಲ ಒಳಗೇ ಬರ್ತವೆ" ಎಂದರು ಬಡಾವಣೆ ಸಂಘದವರು. ಅದು ಸುಳ್ಳಲ್ಲ. ವ್ಹೀಲ್‌ಚೇರು ಹೋಗುವಲ್ಲಿ ಸ್ಕೂಟರೂ ಹೋಗುತ್ತದೆ. ಪಕ್ಕದ ದೊಡ್ಡ ಗೇಟನ್ನು ಕೇಳಿದಾಗ ತೆರೆಯುತ್ತೇವೆ ಎಂಬ ಉಪಾಯ ನಡೆಯುವುದು ಕಷ್ಟ. ಕೀಲಿಗಾಗಿ ಎರಡು ಸಲ ಕಾದವರು ಮೂರನೇ ಸಲ ಬರುವುದಿಲ್ಲ. ಕೊನೆಗೆ ಒಪ್ಪಿದ್ದು, ಒಂದರ ಹಿಂದೆ ಒಂದು, 150 ಸೆಂ.ಮೀ. ಅಂತರದಲ್ಲಿ, ಒಂದು ಎಡದಿಂದ ಒಂದು ಬಲದಿಂದ ಬರುವ ಎರಡು ಅಡ್ಡ ಕಂಬಿ. ಅಷ್ಟು ಜಾಗದಲ್ಲಿ ವ್ಹೀಲ್‌ಚೇರು ತಿರುಗುತ್ತದೆ. ಸುಮಾರು 1.8 ಮೀಟರ್ ಉದ್ದದ ಸ್ಕೂಟರನ್ನು ಇಳಿದು ತಳ್ಳಬೇಕು, ಓಡಿಸಿಕೊಂಡು ಬರುವುದು ಕಷ್ಟ.

ಒಳಗೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ಪಕ್ಕದಲ್ಲಿ ರ‍್ಯಾಂಪೂ ಇತ್ತು, ಎಲ್ಲ ಕಡೆ ಇರುವಂಥದ್ದೇ. ಪಟ್ಟಿಯ ಒಂದು ತುದಿಯನ್ನು ರ‍್ಯಾಂಪಿನ ಮೇಲ್ಭಾಗಕ್ಕೆ ತಾಗಿಸಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಇನ್ನೊಂದು ತುದಿಯನ್ನು ಎತ್ತಿ ಹಿಡಿದು, ಅದರ ಕೆಳಗಿನ ಸಂದು ಅಳೆಯಬೇಕು. 10 ಸೆಂ.ಮೀ. ಮೀರಿದರೆ ಇಳಿಜಾರು 1:12ಕ್ಕಿಂತ (12 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಏರಿಕೆ) ಕಡಿದು. ಇಲ್ಲಿ 20 ಬಂತು. "ಇದರಲ್ಲಿ ಹತ್ತೋದಿರ್ಲಿ, ಇಳಿಯೋಕೇ ಇಬ್ರು ಹಿಡ್ಕೋಬೇಕು" ಎಂದರು ಕುರ್ಚಿಯಲ್ಲಿದ್ದವರು.

45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಇಳಿಜಾರು, ಮೇಲೆ ಕೆಳಗೆ ಒಂದೂವರೆ ಮೀಟರ್ ಸಮತಟ್ಟು ಜಾಗ. ನೇರಕ್ಕೆ ಅಷ್ಟು ಉದ್ದ ಸಿಗಲಿಲ್ಲ. 2.7 ಮೀಟರಿನ ಎರಡು ತುಂಡು ಮಾಡಿ, ನಡುವೆ ಸಮತಟ್ಟಾದ ತಿರುವು ಕೊಟ್ಟು, ದಾರ ಹಿಡಿದು ನೆಲದ ಮೇಲೇ ಸುಣ್ಣದಲ್ಲಿ ಗೆರೆ ಎಳೆದದ್ದಾಯಿತು. ಗೋಡೆಗೆ ಅಂಟಿಸಿದ ನಕ್ಷೆ ನೋಡಿ "ಚೆನ್ನಾಗಿದೆ" ಎಂದಿದ್ದವರೇ ಈಗ ತಕರಾರು ತೆಗೆದರು. ತಿರುವಿನಲ್ಲಿ ಗಾಲಿಕುರ್ಚಿಯ ಕಾಲಿಡುವ ಹಲಗೆ ಗೆರೆ ದಾಟಿತು, 120 ಸೆಂ.ಮೀ. ಅಗಲ 150 ಆಯಿತು. ಎರಡನೇ ತುಂಡು ಹೊಂಗೆಮರದ ಬೇರಿನ ಮೇಲೆ ಹೋಗುತ್ತಿತ್ತು. ಇಲ್ಲಿ ಕಾಂಕ್ರೀಟು ಹಾಕಿದರೆ ಬೇರು ಎತ್ತಿ ಬಿರುಕು ಬಿಡುತ್ತದೆಂದು ಮಾಲಿ ತಡೆದ. ಗೆರೆ ಅಳಿಸಿ ಕಾಂಪೌಂಡಿನ ಕಡೆಗೆ ಸರಿಸಿದ್ದು ಐದು ನಿಮಿಷದ ಕೆಲಸ.

ಮೇಷ್ಟ್ರ ದೂರು, ಕಣ್ಣು ಕಾಣದವರಿಗೆ ದಾರಿ ತಿಳಿಯಲೆಂದು ಹಾಕುವ ಹಳದಿ ಟೈಲ್ಸಿನದು. ಗೀರಿನ ಟೈಲ್ಸ್ ಎಂದರೆ ಮುಂದೆ ನಡೆ, ಚುಕ್ಕಿಯದು ಎಂದರೆ ನಿಲ್ಲು, ಮುಂದೆ ಮೆಟ್ಟಿಲೋ ತಿರುವೋ ಇದೆ. ಇಲ್ಲಿ ಉದ್ದಕ್ಕೂ ಚುಕ್ಕಿಯದೇ, ಕೊನೆಯಲ್ಲಿ ದೀಪದ ಕಂಬ. "ಇದನ್ನ ನಂಬಿದ್ರೆ ಹಣೆ ಒಡೆಯುತ್ತೆ. ಟೈಲ್ಸ್ ಕಮ್ಮಿ ಹಾಕಿ, ಕಂಬಿ ಉದ್ದಕ್ಕೂ ಕೈಗೆ ಸಿಗಲಿ."

ಅಜ್ಜಿ ಬೆಂಚುಗಳ ಎತ್ತರ ಅಳೆಸಿದರು: 35 ಸೆಂ.ಮೀ. ಕೂತರೆ ಏಳಲಾಗದು. 45ರಿಂದ 50 ಬೇಕು, ಊರಿಕೊಳ್ಳಲು ಪಕ್ಕದಲ್ಲಿ ಕೈಯಾಸರೆಯೂ ಬೇಕು. (ದಾನಿಗಳ ಹೆಸರು ಕೆತ್ತಲು ಒರಗು ಇದೆ, ಒರಗಿಕೊಳ್ಳಲು ಅಲ್ಲ.) ಬೆಂಚಿನ ಪಕ್ಕ ವ್ಹೀಲ್‌ಚೇರ್ ನಿಲ್ಲಲು 90×120 ಸೆಂ.ಮೀ. ಗಟ್ಟಿ ನೆಲವಿದ್ದರೆ ಕುರ್ಚಿಯಲ್ಲಿ ಕೂತವರು ದಾರಿಯ ನಡುವೆ ಒಬ್ಬರೇ ನಿಲ್ಲಬೇಕಾಗಿಲ್ಲ.

ಸಂಜೆ ಬಂದವರೇ ಬೇರೆ. ಮನೆಗೆಲಸದ ಹೆಂಗಸರು ಕೇಳಿದ್ದು ದೀಪ ಮತ್ತು ಬೀಗ ಜಡಿದಿರದ ಶೌಚಾಲಯ. ಇದ್ದದ್ದರಲ್ಲಿ ಗೊಬ್ಬರದ ಮೂಟೆ ಇತ್ತು. ಮಕ್ಕಳ ಜೋಕಾಲಿಯ ಸುತ್ತ ಮರಳು, ಅದರಲ್ಲಿ ಚಕ್ರ ಹೂತುಹೋಗುತ್ತದೆ. ಅಲ್ಲಿಯವರೆಗೆ ಗಟ್ಟಿ ದಾರಿ ಬೇಕು.

ಇಷ್ಟೆಲ್ಲ ಹೇಳಿದ್ದು ಎಸ್ಟಿಮೇಟಿಗೆ ಹೋಗುವಾಗ "ಅಂಗವಿಕಲರಿಗೆ ರ‍್ಯಾಂಪ್, 1" ಎಂಬ ಒಂದು ಸಾಲಾಗಿಬಿಡುತ್ತದೆ. ಉದ್ದ ಬರೆಯದಿದ್ದರೆ ಗುತ್ತಿಗೆದಾರ ಕಟ್ಟುವುದು ಹಳೆಯದನ್ನೇ. ಆ ಸಾಲಿನಲ್ಲೇ 2.7 ಮೀಟರಿನ ಎರಡು ತುಂಡು, 150 ಸೆಂ.ಮೀ. ಅಗಲ, ಎರಡೂ ಬದಿ 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ಕಂಬಿ, ಪಾಲಿಶ್ ಗ್ರಾನೈಟ್ ಬೇಡ ಎಂದಿರಬೇಕು. ಮನವಿಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು, ಎಲ್ಲರಿಗೂ ಪ್ರವೇಶಾನುಕೂಲ ಕುರಿತ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯನ್ನು ಹೆಸರಿಸಿದರೆ ಇವನ್ನು ಹೆಚ್ಚುವರಿ ಖರ್ಚೆಂದು ಹೊಡೆದುಹಾಕುವುದು ಸುಲಭವಲ್ಲ.

ಕಾಂಕ್ರೀಟು ಸುರಿಯಲು ಅಚ್ಚಾಗಿ ಸೆಂಟ್ರಿಂಗ್ ಹಲಗೆ ಕಟ್ಟಿದ ದಿನವೇ ಅದೇ ಪಟ್ಟಿ, ರಸಮಟ್ಟ ಹಿಡಿದು ಹೋಗಬೇಕು. ಕಾಂಕ್ರೀಟು ಬಿದ್ದ ಮೇಲೆ ಅಳೆದರೆ ಫೋಟೋ ಮಾತ್ರ ಉಳಿಯುತ್ತದೆ. ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿ, ಕನಿಷ್ಠ 7 ದಿನ ಗೋಣಿಚೀಲ ಹಾಸಿ ನೀರುಣಿಸಬೇಕು.